ಬೆನ್ನುಮೂಳೆಯ ಕ್ಷಯ: ರಕ್ತದ ಲೆಕ್ಕ, ಸ್ಕ್ಯಾನಿಂಗ್ ಚಿತ್ರ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಮಾಹಿತಿ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಆರೋಗ್ಯದ ಬಗ್ಗೆ ನಾಲ್ಕು ಮಾತಾಡಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದರು. ನಾನು ಡಾಕ್ಟರೂ ಅಲ್ಲ, ಮೇಷ್ಟ್ರೂ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವನು. ಆದರೂ ಒಪ್ಪಿಕೊಂಡೆ. ಕಾರಣ ಏನೆಂದರೆ, ನಾನು ಈ ಊರಿಗೆ ಒಂದು ಸುಳ್ಳು ಹೇಳಿದ್ದೆ. ಅದನ್ನ ಇವತ್ತು ಈ ವೇದಿಕೆಯಿಂದಲೇ ತಿದ್ದಿಕೊಳ್ಳಬೇಕು ಅಂತ ಬಂದಿದ್ದೇನೆ.

2022ರಲ್ಲಿ ನಮ್ಮ ಮನೆಯವರು ಹಾಸಿಗೆ ಹಿಡಿದಿದ್ದು ನಿಮಗೆಲ್ಲ ಗೊತ್ತು. ಕೇಳಿದವರಿಗೆಲ್ಲ 'ಡಿಸ್ಕು ಜರುಗಿದೆ' ಅಂತ ಹೇಳಿದ್ದೆ. ಅದು ಡಿಸ್ಕು ಜರುಗಿದ್ದಲ್ಲ. ಬೆನ್ನುಮೂಳೆಯ ಕ್ಷಯ, ಅಂದರೆ ಟಿ.ಬಿ. ನಾಳೆ ಮಗಳಿಗೆ ಗಂಡು ನೋಡಬೇಕು, ಜನ ಏನಂದಾರು ಎಂಬ ಹೆದರಿಕೆಯಿಂದ ಮುಚ್ಚಿಟ್ಟೆ. ಈ ಭಾಷಣ ಬರೆದುಕೊಳ್ಳುವಾಗ ರಾತ್ರಿ ಅವರನ್ನೇ ಕೇಳಿದೆ, 'ಹೇಳಲಾ, ಬೇಡವಾ?' ಅಂತ. 'ಹೇಳ್ರೀ, ನನ್ನ ಹಾಗೆ ಇನ್ನೊಬ್ಬಳು ಏಳು ತಿಂಗಳು ನರಳೋದು ಬೇಡ' ಅಂದರು. ಅವರ ಒಪ್ಪಿಗೆಯ ಮೇಲೆ ಹೇಳುತ್ತಿದ್ದೇನೆ.

ಆದದ್ದು ಹೀಗೆ. 2021ರ ಡಿಸೆಂಬರ್, ರಾಗಿ ಕುಯ್ಲಿನ ಕಾಲ. ನಡುಬೆನ್ನು ನೋಯುತ್ತೆ ಅಂದರು. 'ಬಗ್ಗಿ ಕೆಲಸ ಮಾಡಿದರೆ ಯಾರಿಗೆ ಬೆನ್ನು ನೋಯೋದಿಲ್ಲ?' ಅಂದೆ. ಮಾತ್ರೆ ತಂದುಕೊಟ್ಟೆ. ಎಣ್ಣೆ ತಿಕ್ಕಿಸಿದೆವು. ಹಗಲು ದುಡಿದು ಬಂದ ನೋವು ರಾತ್ರಿ ಮಲಗಿದರೆ ಇಳಿಯಬೇಕು, ಅವರಿಗೆ ಮಲಗಿದ ಮೇಲೆ ಜಾಸ್ತಿ ಆಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ರವಿಕೆ ಸಡಿಲ ಆಯಿತು. 2022ರ ಏಪ್ರಿಲಿನಲ್ಲಿ ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆ ಮಾಡಿಸಿದೆ. ಇಎಸ್‌ಆರ್ 86 ಅಂತ ಬಂತು. ಹಿಮೋಗ್ಲೋಬಿನ್ 9. ಎಕ್ಸ್‌ರೇಯಲ್ಲಿ ಏನೂ ಕಾಣೋದಿಲ್ಲ ಅಂದರು. ರಕ್ತ ಕಮ್ಮಿ ಇದೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರು, 'ಕಮ್ಮಿ ಆಗದಿದ್ದರೆ ಮತ್ತೆ ಬನ್ನಿ' ಅಂತಲೂ ಹೇಳಿದರು. ನಾನು ಮತ್ತೆ ಹೋಗಲಿಲ್ಲ. ಎಕ್ಸ್‌ರೇ ಸರಿ ಇದೆಯಲ್ಲ ಅಂತ ಆ ಚೀಟಿಯನ್ನ ಟ್ರಂಕಿನಲ್ಲಿ ಹಾಕಿಟ್ಟೆ.

ಜುಲೈ ತಿಂಗಳ ಒಂದು ಬೆಳಿಗ್ಗೆ ಅವರು ಕ್ಯಾನು ಹಿಡಿದು ಇದೇ ಡೇರಿಗೆ ಹಾಲು ಹಾಕಲು ಬಂದರು. ನಮ್ಮ ಹಾಲು ಪರೀಕ್ಷಕರು ಕೇಳಿದರಂತೆ, 'ಯಾಕಕ್ಕಾ, ಒಂದೇ ಕಾಲಿಗೆ ಚಪ್ಪಲಿ ಹಾಕ್ಕೊಂಡು ಬಂದಿದ್ದೀರಾ?' ಅಂತ. ಇನ್ನೊಂದು ಚಪ್ಪಲಿ ದಾರಿಯಲ್ಲಿ ಕಳಚಿ ಬಿದ್ದಿತ್ತು. ಬಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಆ ವಾರದಲ್ಲೇ ಎರಡೂ ಕಾಲು ಭಾರ ಆಗಿ, ನಡೆದರೆ ತೊಡರುವ ಹಾಗಾಯಿತು. ಆಗ ನನಗೆ ಭಯ ಹತ್ತಿತು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಂಆರ್‌ಐ ಸ್ಕ್ಯಾನಿಂಗಿಗೆ, ಓಡಾಟಕ್ಕೆ ಒಂದು ಕಡಸು ಮಾರಿದೆ.

ಅಲ್ಲಿ ಡಾಕ್ಟರು ನನ್ನನ್ನ ಕೂರಿಸಿಕೊಂಡು ನಿಧಾನವಾಗಿ ಬಿಡಿಸಿ ಹೇಳಿದರು. ಆಮೇಲೆ ನಾನೂ ಅವರಿವರನ್ನ ಕೇಳಿ, ಓದಿ ತಿಳಿದುಕೊಂಡೆ. ಅದನ್ನೇ ನಮ್ಮ ಭಾಷೆಯಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಕಾಯಿಲೆಯ ವಿಚಾರ. ಕ್ಷಯ ಅಂದರೆ ಕೆಮ್ಮು, ಕಫ, ಎದೆಯ ಕಾಯಿಲೆ ಅಂತ ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ. ಗಾಳಿಯಿಂದ ಶ್ವಾಸಕೋಶಕ್ಕೆ ಹೋದ ರೋಗಾಣು ರಕ್ತದ ಮೂಲಕ ಮೂಳೆಗೂ ಹೋಗಬಹುದು. ಎಷ್ಟೋ ವರ್ಷ ಸುಮ್ಮನೆ ಇದ್ದು, ಮೈಯಲ್ಲಿ ಶಕ್ತಿ ಕುಂದಿದಾಗ ತಲೆ ಎತ್ತಬಹುದು. ಮೂಳೆ ಕೀಲುಗಳ ಕ್ಷಯದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬೆನ್ನುಮೂಳೆಯದೇ. ಹೆಚ್ಚಾಗಿ ಎದೆಯ ಹಿಂಭಾಗದ ಮೂಳೆಗಳಿಗೆ, ಬೆನ್ನು ಸೊಂಟ ಕೂಡುವ ಜಾಗಕ್ಕೆ ಬರುತ್ತದೆ. ಬೆನ್ನುಮೂಳೆ ಒಂದೇ ಕಂಬ ಅಲ್ಲ, ಒಂದರ ಮೇಲೊಂದು ಜೋಡಿಸಿದ ಮಣಿಗಳು. ರೋಗ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಮಣಿಗಳನ್ನ ಮುಂಭಾಗದಿಂದ ತಿನ್ನುತ್ತಾ ಬರುತ್ತದೆ. ಮುಂದಿನ ಭಾಗ ಕುಸಿದಾಗ ಬೆನ್ನು ಗೂನಾಗುತ್ತದೆ. ಕೀವು ಕಟ್ಟುತ್ತದೆ, ಆದರೆ ಬೇರೆ ಕುರುವಿನ ಹಾಗೆ ಬಿಸಿ ಇರುವುದಿಲ್ಲ, ಕೆಂಪಾಗುವುದಿಲ್ಲ. ಅದಕ್ಕೇ ಡಾಕ್ಟರುಗಳು ತಣ್ಣನೆಯ ಕುರು ಅನ್ನುತ್ತಾರೆ. ಮಣಿಗಳ ಹಿಂದಿನ ಕೊಳವೆಯಲ್ಲಿ ಮಿದುಳುಬಳ್ಳಿ ಇದೆ. ಕೀವೋ, ಮುರಿದ ಮೂಳೆಯೋ ಅದನ್ನ ಒತ್ತಿದರೆ ಕಾಲಿನ ಶಕ್ತಿ ಹೋಗುತ್ತದೆ. ಚಪ್ಪಲಿ ಬಿದ್ದದ್ದು ಗೊತ್ತಾಗದೆ ಇದ್ದದ್ದು ಇದರಿಂದ.

ಇದು ಹೊಸ ಕಾಯಿಲೆ ಅಲ್ಲ. ಈಜಿಪ್ಟಿನ ಹಳೆಯ ಮಮ್ಮಿಗಳ ಬೆನ್ನುಮೂಳೆಯಲ್ಲೂ ಇದರ ಗುರುತು ಸಿಕ್ಕಿದೆ. 1779ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯರು ಬೆನ್ನು ಬಾಗಿ ಕಾಲು ಸೋಲುವ ಈ ರೋಗವನ್ನ ವಿವರಿಸಿದರು. ಅದಕ್ಕೇ ಈಗಲೂ ಪಾಟ್ಸ್ ಕಾಯಿಲೆ ಅನ್ನುವುದುಂಟು. ರೋಗಾಣುವನ್ನ ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಜಗತ್ತಿಗೆ ತಿಳಿಸಿದರು.

ಈಗ ರಕ್ತದ ಲೆಕ್ಕಕ್ಕೆ ಬರೋಣ. ಇಎಸ್‌ಆರ್ ಅಂದರೆ ಏನು? ರಕ್ತ ಹೆಪ್ಪುಗಟ್ಟದ ಹಾಗೆ ಔಷಧ ಬೆರೆಸಿ, ಸಣ್ಣ ಗಾಜಿನ ಕೊಳವೆಯಲ್ಲಿ ತುಂಬಿ, ನೆಟ್ಟಗೆ ನಿಲ್ಲಿಸುತ್ತಾರೆ. ಒಂದು ಗಂಟೆ ಬಿಟ್ಟು ನೋಡುತ್ತಾರೆ. ಕೆಂಪು ಕಣಗಳು ಕೆಳಗೆ ಇಳಿದು ಮೇಲೆ ತಿಳಿನೀರು ನಿಂತಿರುತ್ತದೆ. ಆ ತಿಳಿ ಎಷ್ಟು ಮಿಲಿಮೀಟರ್ ಇದೆಯೋ ಅದೇ ಇಎಸ್‌ಆರ್. ಈಗ ಎಷ್ಟೋ ಕಡೆ ಯಂತ್ರವೇ ಈ ಕೆಲಸ ಮಾಡುತ್ತದೆ. ಗಂಡಸರಿಗೆ ಸುಮಾರು 15, ಹೆಂಗಸರಿಗೆ ಸುಮಾರು 20ರವರೆಗೆ ಸರಿ ಅನ್ನುತ್ತಾರೆ, ವಯಸ್ಸಾದವರಿಗೆ ಸ್ವಲ್ಪ ಹೆಚ್ಚು. ಮೈಯಲ್ಲಿ ಎಲ್ಲಾದರೂ ಉರಿಯೂತ ಇದ್ದರೆ ರಕ್ತದಲ್ಲಿ ಕೆಲವು ಪ್ರೋಟೀನುಗಳು ಹೆಚ್ಚುತ್ತವೆ. ಆಗ ಕೆಂಪು ಕಣಗಳು ಬಟವಾಡೆ ದಿನ ನಾಣ್ಯ ಅಟ್ಟಿ ಜೋಡಿಸಿದ ಹಾಗೆ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ಬೇಗ ಬೇಗ ಇಳಿಯುತ್ತವೆ. ಅದರಿಂದ ಅಂಕಿ ಏರುತ್ತದೆ.

ಇನ್ನೊಂದು ಸಿಆರ್‌ಪಿ. ಉರಿಯೂತ ಆದಾಗ ನಮ್ಮ ಪಿತ್ತಜನಕಾಂಗ ತಯಾರಿಸುವ ಒಂದು ಪ್ರೋಟೀನ್ ಅದು. 1930ರಲ್ಲಿ ನ್ಯೂಯಾರ್ಕಿನಲ್ಲಿ ಕಂಡುಹಿಡಿದದ್ದು. ಇದು ಕೆಲವು ಗಂಟೆಗಳಲ್ಲೇ ಏರುತ್ತದೆ, ಕಾರಣ ಹೋದರೆ ದಿನಗಳಲ್ಲೇ ಇಳಿಯುತ್ತದೆ. ಇಎಸ್‌ಆರ್ ಹಾಗಲ್ಲ. ಅದು ಇಳಿಯಲು ವಾರಗಳೇ ಬೇಕು. ನಮ್ಮ ಮನೆಯವರ ಸಿಆರ್‌ಪಿ 34 ಇತ್ತು. ಸಾಮಾನ್ಯವಾಗಿ 5 ಅಥವಾ 10ರ ಒಳಗಿರಬೇಕು. ಯಾವ ಅಂಕಿಯೊಳಗೆ ಎಂಬುದನ್ನ ಆಯಾ ಲ್ಯಾಬಿನ ಚೀಟಿಯಲ್ಲೇ ಮುದ್ರಿಸಿರುತ್ತಾರೆ.

ಈ ಅಂಕಿಗಳನ್ನ ನಾವು ಹೇಗೆ ತಿಳಿಯಬೇಕು? ನಮ್ಮ ಡೇರಿಯ ಲ್ಯಾಕ್ಟೋಮೀಟರನ್ನೇ ತೆಗೆದುಕೊಳ್ಳಿ. ಡಿಗ್ರಿ ಕಮ್ಮಿ ಬಂತು ಅಂದರೆ ಹಾಲಿನಲ್ಲಿ ಏನೋ ವ್ಯತ್ಯಾಸ ಇದೆ ಎಂದಷ್ಟೇ ಅರ್ಥ. ನೀರು ಬೆರೆಸಿದರೂ ಕಮ್ಮಿ ಬರುತ್ತದೆ, ಕರೆದ ಬಿಸಿ ಆರದ ಹಾಲಿಗೂ ಕಮ್ಮಿ ಬರುತ್ತದೆ. ಇಎಸ್‌ಆರ್ ಅದೇ ಥರ. ಕ್ಷಯಕ್ಕೂ ಏರುತ್ತದೆ, ಬೇರೆ ಸೋಂಕಿಗೂ ಏರುತ್ತದೆ, ಕೀಲುವಾತಕ್ಕೂ, ಕೆಲವು ಕ್ಯಾನ್ಸರಿಗೂ ಏರುತ್ತದೆ. ರಕ್ತಹೀನತೆ ಇದ್ದರೂ, ಬಸುರಿಯಾದರೂ ಏರುತ್ತದೆ. 86 ಬಂತು ಎಂದ ಮಾತ್ರಕ್ಕೆ ಕ್ಷಯ ಅನ್ನುವ ಹಾಗಿಲ್ಲ.

ಇದರ ಇನ್ನೊಂದು ಮಗ್ಗುಲು ಇದೆ. ಕೆನೆ ತೆಗೆದರೆ ಡಿಗ್ರಿ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಎರಡೂ ಮಾಡಿದ ಹಾಲಿಗೆ ಡಿಗ್ರಿ ಸರಿಯಾಗೇ ಬರಬಹುದು! ಅದಕ್ಕೇ ನಾವು ಫ್ಯಾಟೂ ನೋಡುತ್ತೇವೆ. ಬೆನ್ನುಮೂಳೆಯ ಕ್ಷಯ ಇದ್ದೂ ಇಎಸ್‌ಆರ್, ಸಿಆರ್‌ಪಿ ಸರಿಯಾಗಿಯೇ ಇರುವ ರೋಗಿಗಳೂ ಇದ್ದಾರೆ. ಸಂಜೆ ಜ್ವರ, ರಾತ್ರಿ ಬೆವರು ಕೂಡ ಎಲ್ಲರಿಗೂ ಇರುವುದಿಲ್ಲ. ಆದ್ದರಿಂದ ಅಂಕಿ ಏರಿದರೆ ಸುಮ್ಮನೆ ಕೂರಬಾರದು, ಅಂಕಿ ಸರಿ ಇದ್ದು ನೋವು ಹೋಗದಿದ್ದರೂ ಸುಮ್ಮನೆ ಕೂರಬಾರದು.

ಮುಂದಿನದು ಚಿತ್ರಗಳ ವಿಚಾರ. ನಾನು ಮೋಸ ಹೋದದ್ದು ಇಲ್ಲೇ. ಎಕ್ಸ್‌ರೇ ಸುಳ್ಳು ಹೇಳಲಿಲ್ಲ, ಅದಕ್ಕೆ ಕಾಣುವಷ್ಟು ಮೂಳೆ ಆಗ ಇನ್ನೂ ಸವೆದಿರಲಿಲ್ಲ, ಅಷ್ಟೆ. ಮೂಳೆಯ ಸುಣ್ಣದ ಅಂಶ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಹೋದ ಮೇಲೆಯೇ ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ತಿಳಿಯುವುದಂತೆ. ತೊಲೆಗೆ ಗೆದ್ದಲು ಹಿಡಿದಾಗ ಹೊರಗಿನಿಂದ ಎಷ್ಟು ದಿನ ಗಟ್ಟಿಯಾಗಿ ಕಾಣುತ್ತದೆ, ನೋಡಿದ್ದೀರಲ್ಲ! ಏಪ್ರಿಲಿನಲ್ಲಿ ತೆಗೆದ ಎಕ್ಸ್‌ರೇ ನಂಬಿ ನಾನು ಜುಲೈವರೆಗೆ ಕುಳಿತೆ.

ಎಂಆರ್‌ಐ ಬೇರೆ ವಿಧಾನ. ಅದರಲ್ಲಿ ಎಕ್ಸ್‌ರೇ ಕಿರಣ ಇಲ್ಲ, ದೊಡ್ಡ ಅಯಸ್ಕಾಂತದ ಬಲದಿಂದ ಮೈಯೊಳಗಿನ ನೀರಿನ ಅಂಶವನ್ನ ಚಿತ್ರ ಮಾಡುತ್ತದೆ. ಮಣ್ಣಿನ ಗೋಡೆ ಬೀಳುವ ಮೊದಲು ತೇವ ಹಿಡಿಯುತ್ತದೆ. ಮೂಳೆಯೂ ಹಾಗೆ, ಕುಸಿಯುವ ಮೊದಲು ಅದರ ಮಜ್ಜೆಯಲ್ಲಿ ಊತ ಬಂದು ನೀರು ಸೇರುತ್ತದೆ. ಆ ತೇವವನ್ನೇ ಎಂಆರ್‌ಐ ತೋರಿಸುತ್ತದೆ. ಆದ್ದರಿಂದ ಎಕ್ಸ್‌ರೇಗಿಂತ ಬಹಳ ಮೊದಲೇ ಗೊತ್ತಾಗುತ್ತದೆ. ಕೀವು ಎಲ್ಲಿದೆ, ಎಷ್ಟು ದೂರ ಇಳಿದಿದೆ, ಮಿದುಳುಬಳ್ಳಿ ಎಷ್ಟು ಒತ್ತಿದೆ ಎಲ್ಲ ಅದರಲ್ಲಿ ಕಾಣುತ್ತದೆ. ಮೂಳೆ ಎಷ್ಟು ಮುರಿದಿದೆ, ಸುಣ್ಣ ಎಲ್ಲಿ ಕಟ್ಟಿದೆ ಎಂದು ನೋಡಲು ಸಿಟಿ ಸ್ಕ್ಯಾನ್ ಒಳ್ಳೆಯದಂತೆ. ಮೈಯಲ್ಲಿ ಪೇಸ್‌ಮೇಕರ್, ಲೋಹದ ಚೂರು ಏನಾದರೂ ಇದ್ದರೆ ಎಂಆರ್‌ಐಗೆ ಮೊದಲೇ ಹೇಳಬೇಕು, ಮರೆಯಬೇಡಿ.

ನಮ್ಮ ಮನೆಯವರ ಚಿತ್ರದಲ್ಲಿ ಕಂಡದ್ದು ಇಷ್ಟು. ಬೆನ್ನಿನ 8 ಮತ್ತು 9ನೇ ಮಣಿಗಳು ಮುಂದೆ ಸವೆದಿದ್ದವು. ನಡುವಿನ ಡಿಸ್ಕು ತೆಳುವಾಗಿತ್ತು. ಎರಡೂ ಪಕ್ಕ ನಯವಾದ ಗೋಡೆಯ ಕೀವಿನ ಚೀಲ. ಅದರಲ್ಲೇ ಸ್ವಲ್ಪ ಹಿಂದಕ್ಕೆ ಹೋಗಿ ಮಿದುಳುಬಳ್ಳಿಯನ್ನ ಒತ್ತಿತ್ತು. ಡಾಕ್ಟರು ಇಡೀ ಬೆನ್ನನ್ನ ನೋಡಿಸಿದ್ದರಿಂದ ಸೊಂಟದಲ್ಲೂ ಒಂದು ಕಡೆ ಚಿಕ್ಕದಾಗಿ ಶುರುವಾಗಿದ್ದು ಸಿಕ್ಕಿತು. ನೋವು ಇರುವ ಜಾಗ ಒಂದನ್ನೇ ನೋಡಿದ್ದರೆ ಅದು ತಪ್ಪಿಹೋಗುತ್ತಿತ್ತು.

'ಹಾಗಾದರೆ ಟಿ.ಬಿ. ಅಂತ ಖಾತ್ರಿ ಆಯಿತಲ್ಲ ಸಾರ್' ಅಂದೆ. 'ಇನ್ನೂ ಇಲ್ಲ' ಅಂದರು. ಚಿತ್ರ ಬಲವಾದ ಸಾಕ್ಷಿಯೇ, ಆದರೆ ಕೀವು ಮಾಡುವ ಬೇರೆ ರೋಗಾಣುಗಳೂ, ಗೆಡ್ಡೆಗಳೂ ಕೆಲವು ಸಲ ಇದೇ ಥರ ಕಾಣುತ್ತವಂತೆ. 'ನೀವು ದನ ಸಾಕುತ್ತೀರಾ? ಹಸು ಕಂದು ಹಾಕಿದ್ದು ಇದೆಯಾ? ಹಸಿ ಹಾಲು ಕುಡಿಯುತ್ತೀರಾ?' ಅಂತ ಕೇಳಿದರು. ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ದನದಿಂದ ಮನುಷ್ಯನಿಗೆ ಬಂದು ಬೆನ್ನುಮೂಳೆ ಹಿಡಿಯುವುದುಂಟು. ಆಗಲೂ ಇಎಸ್‌ಆರ್ ಏರಬಹುದು, ಚಿತ್ರವೂ ಹೋಲಬಹುದು. ಆದರೆ ಔಷಧ ಬೇರೆ. ಬಂಧುಗಳೇ, ನಾವೆಲ್ಲ ಹಾಲು ಕರೆಯುವವರು. ಬೆನ್ನುನೋವಿಗೆ ಡಾಕ್ಟರ ಹತ್ತಿರ ಹೋದಾಗ ಮನೆಯಲ್ಲಿ ದನ ಇದೆ ಎಂದು ಹೇಳಿ. ಸತ್ತ ಕಂದನ್ನು, ಸತ್ತೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹಾಲು ಕಾಯಿಸಿಯೇ ಕುಡಿಯಿರಿ, ದನದ ಕ್ಷಯವೂ ಹಸಿ ಹಾಲಿನಿಂದ ಬರುತ್ತದೆ.

ಕೊನೆಗೆ ಸಿಟಿ ಸ್ಕ್ಯಾನಿನ ಸಹಾಯದಿಂದ ಸೂಜಿ ಹಾಕಿ, ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸಿಬಿನ್ಯಾಟ್ ಎಂಬ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಕ್ಷಯದ ರೋಗಾಣು ಇದೆಯೇ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಅದು ಬಗ್ಗುತ್ತದೆಯೇ ಎಂದು ಹೇಳುತ್ತದೆ. ನಮ್ಮ ಪುಣ್ಯ, ಕ್ಷಯ ಇತ್ತು, ಔಷಧಕ್ಕೆ ಬಗ್ಗುವಂಥದ್ದೇ ಇತ್ತು. ಸಕ್ಕರೆ ಕಾಯಿಲೆ, ಎಚ್‌ಐವಿ ಪರೀಕ್ಷೆಯನ್ನೂ, ಎದೆಯ ಎಕ್ಸ್‌ರೇಯನ್ನೂ ಮಾಡಿದರು. ಎದೆಯಲ್ಲಿ ಏನೂ ಇರಲಿಲ್ಲ. ಬೆನ್ನಿನಲ್ಲಿ ಮಾತ್ರ ಇರುವ ಕ್ಷಯ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎಂದು ಆಗ ತಿಳಿಯಿತು. ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದೆವು. ಅವತ್ತೇ ತೆಗೆದೆವು.

ಚಿಕಿತ್ಸೆ ಮನೆಯಲ್ಲೇ ಆಯಿತು. ಒಂದು ಕಾಲಕ್ಕೆ ಕ್ಷಯ ಅಂದರೆ ಸ್ಯಾನಿಟೋರಿಯಂ ಸೇರಬೇಕಿತ್ತು. 1950ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ನಡೆದ ಅಧ್ಯಯನದಿಂದ, ಶ್ವಾಸಕೋಶದ ಕ್ಷಯಕ್ಕೆ ಮನೆಯಲ್ಲಿ ಸರಿಯಾಗಿ ಕೊಟ್ಟ ಔಷಧವೂ ಅಷ್ಟೇ ಕೆಲಸ ಮಾಡುತ್ತದೆ ಎಂದು ತಿಳಿಯಿತು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಗಿ, ಹಳ್ಳಿಯವರಿಗೆ ಈ ಚಿಕಿತ್ಸೆ ಹೇಗೆ ತಲುಪಿಸಬೇಕೆಂದು ಕೆಲಸ ಮಾಡಿತು. ಬೆನ್ನುಮೂಳೆಯ ವಿಚಾರದಲ್ಲಿ ವಾರಾಣಸಿಯ ಡಾ. ತುಲಿ ಅವರು 1975ರಲ್ಲಿ 'ನಡುದಾರಿ' ತೋರಿಸಿದರು. ಔಷಧ ಎಲ್ಲರಿಗೂ, ಆಪರೇಷನ್ ಬೇಕಾದವರಿಗೆ ಮಾತ್ರ. ಕಾಲಿನ ಶಕ್ತಿ ಇಳಿಯುತ್ತಲೇ ಹೋದರೆ, ಮೂಳೆ ತೀರಾ ಕುಸಿದರೆ ಆಪರೇಷನ್ ತಡಮಾಡಬಾರದು. ನಮ್ಮ ಮನೆಯವರಿಗೆ ಅದು ಬೇಕಾಗಲಿಲ್ಲ. ಮೊದಲ 2 ತಿಂಗಳು 4 ಬಗೆಯ ಔಷಧ, ಆಮೇಲೆ 10 ತಿಂಗಳು 3 ಬಗೆಯದು, ಸೊಂಟಕ್ಕೆ ಬೆಲ್ಟು, ಒಟ್ಟು ಒಂದು ವರ್ಷ. ಮಾತ್ರೆ ಎಲ್ಲ ಸರ್ಕಾರದಿಂದ ಉಚಿತ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಇಎಸ್‌ಆರ್ 86 ಇದ್ದದ್ದು ಎರಡು ತಿಂಗಳಿಗೆ 54 ಆಯಿತು, ಆರು ತಿಂಗಳಿಗೆ 22. ನೋವು ಇಲ್ಲ, ಊಟ ಸೇರುತ್ತಿತ್ತು, ತೂಕ ಏರಿತ್ತು. 'ಸಾಕು, ನಿಲ್ಲಿಸಿಬಿಡ್ತೀನಿ, ಹೊಟ್ಟೆ ಉರಿ' ಅಂದರು. ನಾನೂ ಚೀಟಿ ನೋಡಿ 'ಹೌದಲ್ವಾ' ಅಂದೆ. ಅದೇ ವಾರ ಸ್ಕ್ಯಾನಿಂಗ್ ಆಯಿತು. ಅದರಲ್ಲಿ ಮೂಳೆಯ ತೇವ ಇನ್ನೂ ಕಾಣುತ್ತಿತ್ತು. ಒಂದು ಚೀಟಿ ವಾಸಿ ಅನ್ನುತ್ತೆ, ಇನ್ನೊಂದು ಇಲ್ಲ ಅನ್ನುತ್ತೆ. ಗಾಬರಿಯಾಗಿ ಡಾಕ್ಟರ ಮುಂದೆ ಎರಡನ್ನೂ ಇಟ್ಟೆ.

ಅವರು ಹೇಳಿದ್ದು ಇಷ್ಟು. 'ಅಂಕಿ ಬೇಗ ಇಳಿಯುತ್ತದೆ, ಮೂಳೆ ನಿಧಾನ ಕೂಡುತ್ತದೆ, ಚಿತ್ರ ಅದಕ್ಕಿಂತ ಹಿಂದೆ ಉಳಿಯುತ್ತದೆ. ಅಂಕಿ ಇಳಿಯಿತು ಅಂತ ಮಾತ್ರೆ ಬಿಡಬೇಡಿ, ಚಿತ್ರದಲ್ಲಿ ಇನ್ನೂ ಕಾಣುತ್ತೆ ಅಂತ ಧೈರ್ಯವನ್ನೂ ಬಿಡಬೇಡಿ. ನಾನು ನೋವು, ತೂಕ, ನಡಿಗೆ, ಅಂಕಿ, ಚಿತ್ರ ಐದನ್ನೂ ಒಟ್ಟಿಗೆ ನೋಡುತ್ತೇನೆ.' ನಡುವೆ ಬಿಟ್ಟರೆ ರೋಗಾಣು ಔಷಧಕ್ಕೆ ಬಗ್ಗದ ಹಾಗಾಗಬಹುದು, ಆಮೇಲಿನ ಚಿಕಿತ್ಸೆ ಬಹಳ ಕಷ್ಟ. ಮೂತ್ರ ಕೇಸರಿ ಬಣ್ಣ ಆಗುವುದು ಮಾತ್ರೆಯಿಂದ, ಅದಕ್ಕೆ ಹೆದರಬೇಕಾಗಿಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಮಾತ್ರ ತಕ್ಷಣ ಡಾಕ್ಟರಿಗೆ ತೋರಿಸಬೇಕು. 2023ರ ಜುಲೈಗೆ ವರ್ಷ ತುಂಬಿತು, ಡಾಕ್ಟರೇ ನಿಲ್ಲಿಸಿದರು.

ಸದಸ್ಯ ಬಂಧುಗಳಲ್ಲಿ ನನ್ನ ಅರಿಕೆ ಇಷ್ಟೇ. ಬೆನ್ನುನೋವು ಬಂದವರಿಗೆಲ್ಲ ಕ್ಷಯ ಇರುವುದಿಲ್ಲ, ನೂರಕ್ಕೆ ಬಹುಪಾಲು ಬರೀ ದುಡಿಮೆಯ ನೋವೇ. ಆದರೆ ಮೂರು ನಾಲ್ಕು ವಾರ ಕಳೆದರೂ ಹೋಗದ ನೋವು, ಮಲಗಿದಾಗ ಹೆಚ್ಚುವ ನೋವು, ಜೊತೆಗೆ ಜ್ವರ, ತೂಕ ಇಳಿಯುವುದು ಇದ್ದರೆ ಡಾಕ್ಟರಿಗೆ ತೋರಿಸಿ. ಎಣ್ಣೆ ತಿಕ್ಕಿಸುವುದು, ಬೆನ್ನು ಮುರಿಸುವುದು ಬೇಡ. ಕಾಲು ಜೋಮು ಹಿಡಿದರೆ, ತೊಡರಿದರೆ, ಮೂತ್ರ ಕಟ್ಟಿದರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ಹಳೆಯ ಚೀಟಿ, ಹಳೆಯ ಎಕ್ಸ್‌ರೇ ಜೊತೆಗೆ ತೆಗೆದುಕೊಂಡು ಹೋಗಿ, ನನ್ನ ಹಾಗೆ ಟ್ರಂಕಿನಲ್ಲಿ ಇಡಬೇಡಿ. ಕ್ಷಯ ಎಂದು ಗೊತ್ತಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟದ ಪೋಷಣೆಗೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು, 2024ರ ನವೆಂಬರಿನಿಂದ ಅದನ್ನ 1,000 ಮಾಡಿದ್ದಾರೆ. ಸಹಕಾರಿಗಳಿಗಾಗಿಯೇ ಇರುವ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು 2022ರಲ್ಲಿ ಮತ್ತೆ ಆರಂಭವಾಯಿತು, ಅದರ ವಿವರ ಕಾರ್ಯದರ್ಶಿಗಳ ಹತ್ತಿರ ಕೇಳಿ ತಿಳಿಯಿರಿ.

ನಮ್ಮ ಮನೆಯವರು ಈಗ ನಡೆಯುತ್ತಾರೆ. ಬೆನ್ನು ಸ್ವಲ್ಪ ಬಾಗಿದ್ದು ಹಾಗೇ ಉಳಿಯಿತು. ಏಪ್ರಿಲಿನಲ್ಲೇ ಹೋಗಿದ್ದರೆ ಅದೂ ಉಳಿಯುತ್ತಿರಲಿಲ್ಲವೋ ಏನೋ. ಹಾಲಿನ ಕ್ಯಾನು ನಾನೇ ತರುತ್ತೇನೆ. ಕೆಲವರು 'ಏನು ಡೈರೆಕ್ಟ್ರೇ, ನೀವೇ ಬಂದಿರಾ' ಅಂತ ನಗುತ್ತಾರೆ, ನಗಲಿ. ನಮ್ಮ ಹಾಲಿನ ಡಿಗ್ರಿ ಅರ್ಧ ಕಮ್ಮಿ ಬಂದರೆ ಜಗಳ ಮಾಡಿ ಎರಡನೇ ಸಲ ಪರೀಕ್ಷೆ ಮಾಡಿಸಿದವನು ನಾನು. ಹೆಂಡತಿಯ ನೋವಿಗೆ ಏಳು ತಿಂಗಳು ಎರಡನೇ ಪರೀಕ್ಷೆ ಮಾಡಿಸಲಿಲ್ಲ. ಈ ಊರಿನಲ್ಲಿ ಇನ್ನು ಯಾರ ಮನೆಯಲ್ಲೂ ಹಾಗಾಗಬಾರದು ಎಂದು ಕೇಳಿಕೊಂಡು ನನ್ನ ಎರಡು ಮಾತು ಮುಗಿಸುತ್ತೇನೆ.

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.